ಆರೋಗ್ಯಮ್ಮ ಸುಳ್ಳು ಹೇಳಿರಲಿಲ್ಲ

ಒಂದು ಮನೆತನದ ಹೆಸರನ್ನು ಅಳಿಸಿದವನು ನಾನು. ಗೊತ್ತಿಲ್ಲದೆ ಅಳಿಸಿದೆ, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡೆ. ಮೊದಲನೆಯದನ್ನು ಕೈತಪ್ಪು ಎನ್ನಬಹುದು. ಎರಡನೆಯದಕ್ಕೆ — ನಾಲ್ಕು ವರ್ಷಗಳಿಂದ ಹುಡುಕುತ್ತಿದ್ದೇನೆ — ಹೇಡಿತನ ಎನ್ನುವುದನ್ನು ಬಿಟ್ಟು ಬೇರೆ ಮಾತು ಸಿಕ್ಕಿಲ್ಲ.

ನಾನು ತಿಪ್ಪೇಸ್ವಾಮಿ, ಚಳ್ಳಕೆರೆ ಕಡೆಯವನು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಒಂದು ಪ್ರಯೋಗಾಲಯದಲ್ಲಿ ಸಮುದ್ರದ ಮೀನುಗಳ ವಂಶವಾಹಿಗಳನ್ನು ಓದುವ ಕೆಲಸ ನನ್ನದು. ಈ ಊರಿಗೆ ಬಂದ ಹೊಸದರಲ್ಲಿ ನನಗೆ ಇರಲು ಕೋಣೆ ಹುಡುಕಿಕೊಟ್ಟವರು, ತಮ್ಮ ಚಳಿಗಾಲದ ಕೋಟನ್ನೇ ಬಿಚ್ಚಿ ನನ್ನ ಹೆಗಲಿಗೆ ಹಾಕಿದವರು ವಿಕ್ಟರ್ ಪೆನ್‌ಹೇಲ್. ಕೋಲಾರದ ಚಿನ್ನದ ಗಣಿ ಊರಾದ ಕೆಜಿಎಫ್‌ನವರು. ಇಲ್ಲಿ ಕಾರು ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ನನಗಿಂತ ಹತ್ತು ವರ್ಷ ದೊಡ್ಡವರು. ವಿಕ್ಟರಣ್ಣ ಎನ್ನುತ್ತಿದ್ದೆ. ಅವರ ಹೆಂಡತಿ ಶೀಲಾ ಅಕ್ಕ ಮಾಡಿದ ಸಾರು ತಿಂದೇ ನಾನು ಆ ಮೊದಲ ಕತ್ತಲೆಯ ತಿಂಗಳುಗಳನ್ನು ದಾಟಿದ್ದು. ಇಷ್ಟನ್ನೂ ಮೊದಲೇ ಹೇಳಿಬಿಡಬೇಕು — ನಾನು ಯಾರಿಗೆ ಇದನ್ನು ಮಾಡಿದೆ ಎಂಬುದು ತಿಳಿಯಲಿ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆಯಿದೆ. ಅಲ್ಲಿನ ಹಳೆಯ ಭಾಷೆಯಲ್ಲಿ ‘ಪೆನ್’ ಎಂದರೆ ತಲೆ, ಕೊನೆ. ‘ಹೇಲ್’ ಎಂದರೆ ಜೌಗುನೆಲ. ಜೌಗಿನ ಕೊನೆಯಲ್ಲಿ ಮನೆ ಕಟ್ಟಿಕೊಂಡವರು ಪೆನ್‌ಹೇಲ್ ಆದರು. ತವರದ ಗಣಿಗಳಲ್ಲಿ ಕೆಲಸ ಕಡಿಮೆಯಾದಾಗ ಅಲ್ಲಿನ ಗಣಿಯವರು ಎಲ್ಲೆಲ್ಲಿಗೋ ಹೋದರು. ಕೆಲವರು ಕೆಜಿಎಫ್‌ಗೂ ಬಂದರು. ವಿಕ್ಟರಣ್ಣನ ಮುತ್ತಜ್ಜಿ ಆರೋಗ್ಯಮ್ಮ ಅಂಥ ಒಬ್ಬನಿಂದ ಒಂದು ಗಂಡುಮಗುವನ್ನು ಹೆತ್ತಳು. ಚರ್ಚಿನಲ್ಲಿ ಮದುವೆಯಾಗಿರಲಿಲ್ಲ. ಅವನು ಗಣಿಯಲ್ಲೇ ಸತ್ತ. ಆಕೆ ಮಗನಿಗೆ ಅವನ ಹೆಸರಿಟ್ಟಳು. ಸಾಹೇಬರ ಹೆಸರು ಕದ್ದವಳು ಎಂದು ಊರು ಆಡಿಕೊಂಡಿತು. ಆ ಮಾತು ಆಕೆಯ ಮೊಮ್ಮಗನ ಕಾಲದವರೆಗೂ ಹರಿದು ಬಂತು. ಆ ಮೊಮ್ಮಗನೇ ಡೆನಿಸ್, ವಿಕ್ಟರಣ್ಣನ ಅಪ್ಪ. ಅವರು ಮಾತ್ರ ಅಜ್ಜಿಯ ಫೋಟೋವನ್ನು ನಡುಮನೆಯಲ್ಲಿ ಹಾಕಿ, ಬಂದವರಿಗೆಲ್ಲ “ನಮ್ಮಜ್ಜಿ ಬಡವಿ, ಸುಳ್ಳಿ ಅಲ್ಲ” ಎನ್ನುತ್ತಿದ್ದರಂತೆ.

ಇಂಗ್ಲೆಂಡಿನಲ್ಲಿ ಈ ಅಡ್ಡಹೆಸರಿನ ಗಂಡಸರು ಕೆಲವರು ಸೇರಿ ತಮ್ಮ ವಂಶವಾಹಿಗಳನ್ನು ಹೋಲಿಸುತ್ತಿರುವುದು ವಿಕ್ಟರಣ್ಣನ ಕಣ್ಣಿಗೆ ಬಿತ್ತು. ಅಡ್ಡಹೆಸರು ತಂದೆಯಿಂದ ಮಗನಿಗೆ ಬರುತ್ತದೆ. ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತುವೂ ಹಾಗೆಯೇ, ಹೆಚ್ಚೇನೂ ಬದಲಾಗದೆ ಇಳಿದು ಬರುತ್ತದೆ. ಆ ಗುಂಪಿನ ಬಹಳ ಜನರಲ್ಲಿ ಒಂದೇ ಬಗೆಯ ಗುರುತುಗಳು ಕಂಡಿದ್ದವು.

“ಅವರಿಗೆ ಕಳಿಸೋ ಮುಂಚೆ ನೀನೊಂದ್ಸಲ ನೋಡಿಬಿಡು ತಿಪ್ಪೇಶಿ,” ಎಂದರು ವಿಕ್ಟರಣ್ಣ. “ಮ್ಯಾಚ್ ಆಗ್ಲಿಲ್ಲ ಅಂದ್ರೆ ಅವರ ಮುಂದೆ ಮುಖಭಂಗ ಆಗೋದು ಬೇಡ.”

ಮೀನಿನ ಪ್ರಯೋಗಾಲಯದಲ್ಲಿ ಮನುಷ್ಯರ ಮಾದರಿಯನ್ನು ಮುಟ್ಟುವಂತಿಲ್ಲ. ಗೊತ್ತಿದ್ದೂ ಒಪ್ಪಿಕೊಂಡೆ. ಅವರ ಕೆನ್ನೆಯ ಒಳಗಿನ ಎಂಜಲನ್ನು ಹತ್ತಿಯಲ್ಲಿ ಒರೆಸಿ ತೆಗೆದೆ, ಹೋಲಿಕೆಗೆಂದು ನನ್ನದನ್ನೂ ತೆಗೆದೆ. ಎರಡು ಕೊಳವೆ. ಗುರುತನ್ನು ಕೊಳವೆಯ ಮೈಮೇಲೆ ಬರೆಯಬೇಕು ಎಂದು ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ. ಆ ದಿನ ಯಾರಾದರೂ ಬಂದಾರೆಂಬ ಆತುರದಲ್ಲಿ ಮುಚ್ಚಳದ ಮೇಲೆ ಬರೆದೆ — ಎರಡನ್ನೂ ಒಟ್ಟಿಗೆ ತೆರೆದೆ, ಒಟ್ಟಿಗೆ ಮುಚ್ಚಿದೆ. ಅವರ ಮುಚ್ಚಳ ನನ್ನ ಕೊಳವೆಗೆ ಕೂತಿತು.

ಅವರದು ಎಂದುಕೊಂಡ ಫಲಿತಾಂಶ ಬಂತು. ಪೆನ್‌ಹೇಲ್‌ಗಳ ಒಂದು ಗುರುತೂ ಅದರಲ್ಲಿರಲಿಲ್ಲ. ಅಪ್ಪಟ ನಮ್ಮ ಕಡೆಯ ವಂಶ. ಆಗ ನನ್ನೊಳಗೆ ಎದ್ದದ್ದು ಮರುಕವಲ್ಲ. ಸಂತೋಷ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ — ಸಂತೋಷ. ಇಲ್ಲಿ ನನ್ನ ಹೆಸರು ಕೇಳಿದವರು ಎರಡು ಸಲ ಹೇಳಿಸಿಕೊಂಡು ಆಮೇಲೆ ನಕ್ಕು ಸುಮ್ಮನಾಗುತ್ತಾರೆ. ಬೇರೆ ಕೆಲಸಕ್ಕೆ ಹಾಕಿದ ಅರ್ಜಿಗಳಿಗೆ ಉತ್ತರವೇ ಬರುತ್ತಿರಲಿಲ್ಲ. ವಿಕ್ಟರಣ್ಣನ ಹೆಸರು ಎಲ್ಲ ಬಾಗಿಲಲ್ಲೂ ಸಲೀಸಾಗಿ ನುಸುಳುತ್ತಿತ್ತು. ಅವರ ಕೋಟನ್ನು ಹೊದ್ದುಕೊಂಡೇ ನಾನು ಅವರ ಹೆಸರಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ.

ಅವರೊಬ್ಬರನ್ನೇ ಕೂರಿಸಿ ಹೇಳಬಹುದಿತ್ತು. ಹೊಂದಿಕೆಯಾಗದಿದ್ದರೂ ಅದರಿಂದ ಏನೂ ಸಾಬೀತಾಗುವುದಿಲ್ಲ, ಒಂದೇ ಅಡ್ಡಹೆಸರು ಎರಡು ಮೂರು ಕಡೆ ಬೇರೆಬೇರೆಯಾಗಿ ಹುಟ್ಟಿರುತ್ತದೆ, ಸಾಕುಮಕ್ಕಳಿಗೂ ಹೋಗಿರುತ್ತದೆ ಎನ್ನಬಹುದಿತ್ತು. ಇವೆಲ್ಲ ನನಗೆ ಚೆನ್ನಾಗಿ ಗೊತ್ತಿದ್ದವು. ನಾನು ಕಾದದ್ದು ಕನ್ನಡದವರೆಲ್ಲ ಅಡುಗೆ ತಂದು ಸೇರುವ ಭಾನುವಾರಕ್ಕೆ. ಊಟದ ನಡುವೆ, ಎಲ್ಲರಿಗೂ ಕೇಳುವಂತೆ, ತಮಾಷೆಯ ದನಿಯಲ್ಲಿ ಹೇಳಿದೆ:

“ವಿಕ್ಟರಣ್ಣ, ನೀವೂ ನಮ್ಮವರೇ ಬಿಡಿ. ನಿಮ್ಮ ಮುತ್ತಜ್ಜಿ ಎಲ್ಲಾರ್ಗೂ ಚೆನ್ನಾಗಿ ಟೋಪಿ ಹಾಕಿದಾರೆ.”

ಕೆಲವರು ನಕ್ಕರು. ವಿಕ್ಟರಣ್ಣ ಕೂಡ ನಗಲು ನೋಡಿದರು. ತಟ್ಟೆಯನ್ನು ಮೇಜಿನ ಮೇಲಿಟ್ಟು, “ಶೂರ್ ಆಗಿ ಹೇಳ್ತಿದೀಯಾ?” ಎಂದು ಕೇಳಿದರು.

“ಹಂಡ್ರೆಡ್ ಪರ್ಸೆಂಟ್,” ಎಂದೆ.

ಅವರು ಅಪ್ಪನಿಗೆ ಫೋನ್ ಮಾಡಿ ಹೇಳಿದರು. ಮುಚ್ಚಿಟ್ಟುಕೊಳ್ಳುವ ಸ್ವಭಾವ ಆ ಮನುಷ್ಯನದಲ್ಲ. ಡೆನಿಸ್ ಅವರು ಮರುದಿನವೇ ಅಜ್ಜಿಯ ಫೋಟೋವನ್ನು ಗೋಡೆಯಿಂದ ಇಳಿಸಿದರಂತೆ. ಚರ್ಚಿಗೆ ಹೋಗುವುದನ್ನು ಬಿಟ್ಟರಂತೆ. ಜೊತೆಗಿದ್ದ ಮಗಳು ಊಟಕ್ಕೆ ಕರೆದರೆ, “ಯಾರ ಮಗ ಅಂತ ಗೊತ್ತಿಲ್ಲದೋನ ವಂಶಕ್ಕೆ ಎಂಥ ಊಟ” ಎನ್ನುತ್ತಿದ್ದರಂತೆ. ಶೀಲಾ ಅಕ್ಕ ಇದನ್ನೆಲ್ಲ ನನ್ನ ಮುಂದೆ ಹೇಳುತ್ತಿದ್ದರು — ನಾನು ಮನೆಯವನಲ್ಲವೇ.

ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಹಳೆಯ ಕಡತಗಳನ್ನು ತೆಗೆದುಹಾಕುತ್ತಿದ್ದಾಗ, ಅಲ್ಲಿಯವರೆಗೆ ತೆರೆದೂ ನೋಡದ ನನ್ನ ಫಲಿತಾಂಶವನ್ನು ನೋಡಿದೆ. ಚಳ್ಳಕೆರೆಯ ತಿಪ್ಪೇಸ್ವಾಮಿಯ ಹೆಸರಿನಲ್ಲಿ ಕಾರ್ನ್‌ವಾಲ್‌ನ ವಂಶವಿತ್ತು. ಇಂಗ್ಲೆಂಡಿನ ಆ ಗುಂಪಿನ ಗುರುತುಗಳೊಂದಿಗೆ ಸಾಲಿಗೆ ಸಾಲು ಕೂಡಿಬರುತ್ತಿತ್ತು. ನನ್ನ ಎಂಜಲನ್ನು ಮತ್ತೊಮ್ಮೆ ತೆಗೆದು ಪರೀಕ್ಷಿಸಿದೆ; ಅಂದು ವಿಕ್ಟರಣ್ಣನದೆಂದು ಹೇಳಿದ ಫಲಿತಾಂಶವೇ ಬಂತು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಆರೋಗ್ಯಮ್ಮ ಹೇಳಿದ್ದು ನಿಜ.

ಅದೇ ವಾರ ಶೀಲಾ ಅಕ್ಕ, ಟ್ರಾಮಿನಲ್ಲಿ ಸಿಕ್ಕವರು, “ಇವರು ಹೆಸರು ಚೇಂಜ್ ಮಾಡೋಕೆ ಅಪ್ಲಿಕೇಶನ್ ಹಾಕಿದಾರೆ. ಮಾಯಾದೂ ಸೇರಿಸಿ. ನಮ್ಮಪ್ಪನ ಹೆಸರು ಜೋಸೆಫ್ ಅಂತ ಇಟ್ಕೊಳ್ತಾರಂತೆ,” ಎಂದರು. ಇಲ್ಲಿ ಹೆಸರು ಬದಲಿಸುವುದು ತೆರಿಗೆ ಕಚೇರಿಯಲ್ಲಿ, ಹೆಚ್ಚು ಕಷ್ಟವಿಲ್ಲ. ಮಾಯಾ ಅವರ ಮಗಳು, ಆಗ ಹತ್ತು ವರ್ಷ. ಹೇಳು, ಈಗಲೇ ಹೇಳು ಎಂದು ಒಳಗೆ ಯಾರೋ ಕೂಗುತ್ತಿದ್ದರು. ಹೇಳಿದರೆ ನಿಯಮ ಮುರಿದದ್ದು ಹೊರಬರುತ್ತದೆ, ಕೆಲಸ ಹೋಗುತ್ತದೆ, ಕೆಲಸ ಹೋದರೆ ಈ ದೇಶದಲ್ಲಿರುವ ಪರವಾನಗಿಯೂ — “ಹೌದಾ ಅಕ್ಕ?” ಎಂದೆ. ನನ್ನ ನಿಲ್ದಾಣಕ್ಕೂ ಮುಂಚೆಯೇ ಇಳಿದುಬಿಟ್ಟೆ.

ನಾಳೆ ಹೇಳುತ್ತೇನೆ, ಈ ಲೇಖನ ಪ್ರಕಟವಾಗಲಿ, ಪರವಾನಗಿ ನವೀಕರಣವಾಗಲಿ ಎಂದು ದಿನ ತಳ್ಳಿದೆ. ವಸಂತದಲ್ಲಿ ಡೆನಿಸ್ ತೀರಿಕೊಂಡರು. ವಿಕ್ಟರಣ್ಣ ಹೋಗಿ ಮಣ್ಣು ಮಾಡಿ ಬಂದರು. ಸಮಾಧಿಯ ಕಲ್ಲಿನ ಮೇಲೆ ಡೆನಿಸ್ ಎಂದಷ್ಟೇ ಕೆತ್ತಿಸಿದರಂತೆ. ಮುಂದಿನ ಹೆಸರು ಬೇಡವೆಂದು ತೀರಿಕೊಂಡವರೇ ಹೇಳಿದ್ದರಂತೆ. ನಾನು ಆ ಮನೆಗೆ ಹೋಗಿ, ಸಾಂತ್ವನ ಹೇಳಿ, ಅಲ್ಲೇ ಊಟ ಮಾಡಿದೆ.

ಆಮೇಲೆ ಹೇಳುವುದಕ್ಕೆ ಅರ್ಥವೇ ಇಲ್ಲ ಎಂದು ನನಗೆ ನಾನೇ ಒಪ್ಪಿಸಿಕೊಂಡೆ. ಹಾಗೆಯೇ ಬದುಕಿಬಿಡುತ್ತಿದ್ದೆನೇನೋ. ಕಳೆದ ತಿಂಗಳು ಮಾಯಾ ಬಂದಳು. ಶಾಲೆಯಲ್ಲಿ ತಮ್ಮ ಮನೆತನದ ಕಥೆ ಹೇಳಬೇಕಂತೆ. ಅರ್ಧ ಸ್ವೀಡಿಷ್, ಅರ್ಧ ಕನ್ನಡದಲ್ಲಿ ಕೇಳಿದಳು:

“ಅಂಕಲ್, ಆ ಅಜ್ಜಿ ಸುಳ್ಳು ಹೇಳಿದ್ಲು ಅಂತ ಡಿಎನ್‌ಎಲ್ಲಿ ಹೇಗೆ ಗೊತ್ತಾಯ್ತು? ಕ್ಲಾಸಲ್ಲಿ ಎಕ್ಸ್‌ಪ್ಲೇನ್ ಮಾಡ್ಬೇಕು.”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಂಬಿಕೆಯಿಂದ. ಇನ್ನು ಈ ಮಗುವಿನ ಬಾಯಲ್ಲೂ ಅದೇ ಸುಳ್ಳು — “ನಾನೇ ನಿಮ್ಮನೆಗೆ ಬಂದು ಹೇಳ್ತೀನಿ, ಇವತ್ತೇ,” ಎಂದೆ. ಅವಳ ಜೊತೆಯಲ್ಲೇ ಹೊರಟೆ. ಒಂದು ದಿನ ತಡ ಮಾಡಿದ್ದರೂ ಮತ್ತೆ ಹೇಳುತ್ತಿರಲಿಲ್ಲ.

ಅಡುಗೆಮನೆಯ ಮೇಜಿನ ಮುಂದೆ, ಮೂವರಿಗೂ ಕೇಳುವಂತೆ, ಮುಚ್ಚಳ ಅದಲುಬದಲಾದದ್ದರಿಂದ ಹಿಡಿದು ಟ್ರಾಮಿನವರೆಗೆ ಎಲ್ಲವನ್ನೂ ಹೇಳಿದೆ. ನನ್ನ ಸಂತೋಷವನ್ನೂ ಬಿಡಲಿಲ್ಲ. ವಿಕ್ಟರಣ್ಣ ಕೂಗಾಡಲಿಲ್ಲ. ಇಷ್ಟೇ ಕೇಳಿದರು:

“ನಿಂಗೆ ಗೊತ್ತಾದಾಗ ಅಪ್ಪ ಇದ್ರಾ?”

“ಇದ್ರು.”

“ಅಪ್ಪ ಸಾಯೋವರ್ಗೂ ಅಜ್ಜೀನ ಬೈತಾನೇ ಇದ್ರು ತಿಪ್ಪೇಶಿ. ಕೊನೇ ದಿನಾನೂ. ಈಗ ಅವರಿಗೆ ಯಾರು ಹೇಳ್ತಾರೆ?”

ಶೀಲಾ ಅಕ್ಕ ಮಗಳನ್ನು ಒಳಗೆ ಕರೆದುಕೊಂಡು ಹೋದರು, ಹಿಂತಿರುಗಿ ಬಂದು ಬಾಗಿಲು ತೆರೆದು ನಿಂತರು. ನಾನು ಹೊರಟೆ. ಅಂದಿನಿಂದ ಆ ಮನೆಯಿಂದ ಒಂದು ಮಾತೂ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಪ್ರೊಫೆಸರ್ ಬಳಿ ಹೋಗಿ ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ವಿಚಾರಣೆ ಮುಗಿಯುವವರೆಗೆ ಪ್ರಯೋಗಾಲಯಕ್ಕೆ ಬರಬೇಡ ಎಂದಿದ್ದಾರೆ. ಆ ಭಾನುವಾರ ಊಟಕ್ಕೆ ಕೂತಿದ್ದವರಿಗೂ ಒಬ್ಬೊಬ್ಬರಿಗೇ ಹೇಳುತ್ತಿದ್ದೇನೆ. ಇನ್ನೂ ಕೆಲವರು ಉಳಿದಿದ್ದಾರೆ. ಕೆಲಸ ಹೋದರೆ ಹೋಗಲಿ, ಈ ದೇಶ ಬಿಡಬೇಕಾಗಿ ಬಂದರೆ ಬಿಡುತ್ತೇನೆ ಎಂದು ಈಗ ಅನ್ನಿಸುತ್ತದೆ. ಆ ಚಳಿಗಾಲದಲ್ಲಿ, ಕೆಜಿಎಫ್‌ನ ಆ ಮುದುಕರು ಇನ್ನೂ ಉಸಿರಾಡುತ್ತಿದ್ದಾಗ, ಒಂದೇ ಒಂದು ದಿನ ಹೀಗೆ ಅನ್ನಿಸಿದ್ದರೆ —