ಕೆಂಪು ಬಾಳೆಹಣ್ಣಿನ ಒಡಪು

ನಮ್ಮ ಕಾರಿನ ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ನನ್ನ ಹಾಡುಗಳು. ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಕಲಿಸಿದ ಪ್ರಾರ್ಥನೆ ಮುಗಿದರೆ ಭಜನೆ, ಭಜನೆಯ ಬೆನ್ನಿಗೆ ಹಳೆಯ ಸಿನಿಮಾದ ಕುಣಿತ; ಯಾವುದು ಯಾವಾಗ ಬರುತ್ತದೋ ಹೇಳಲಾಗದು. ಅವುಗಳ ನಡುವೆ ನಾನು ಹಾಕಿಸದ ಒಬ್ಬ ಹೆಂಗಸಿನ ದನಿ ಸೇರಿಕೊಂಡದ್ದು ಈ ಬೇಸಿಗೆಯಲ್ಲಿ.

ಹಾಡಲ್ಲ ಅದು, ಒಡಪು. ನಮ್ಮ ಕಡೆ ಮದುವೆ, ಬಸುರಿಗೆ ಮಾಡುವ ಕುಬಸಗಳಲ್ಲಿ ಗಂಡನ ಹೆಸರು ಹೇಳಬೇಕಾದಾಗ ಹೆಂಗಸರು ಒಂದೆರಡು ಸಾಲು ಕಟ್ಟಿ ಕೊನೆಗೆ ಹೆಸರನ್ನು ಸೇರಿಸಿಬಿಡುತ್ತಾರಲ್ಲ, ಅದೇ.

"ಕೆಂಪು ಬಾಳಿಹಣ್ಣ ಸುಲದಾರ, ಅರ್ಧ ನನಗ ಇಟ್ಟಾರ..." ಎಂದು ಆಕೆ ಸಣ್ಣಗೆ ನಗುತ್ತಾಳೆ. ಅಷ್ಟರಲ್ಲಿ ನನ್ನ ಗಂಡನ ಬೆರಳು ಗುಂಡಿಯ ಮೇಲೆ. ಮುಂದಿನ ಹಾಡು.

"ಯಾರ್ರೀ ಅದು?"

"ಯಾವುದೋ ಏನೋ. ಅಂಗಡ್ಯಾಗ ಹಾಕಿರಬೇಕು."

ಮೋಮಿನಪುರದ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡು ಬಂದವರು ಅವರೇ. ಅಂಗಡಿಯವ ಒಡಪು ಯಾಕೆ ಹಾಕುತ್ತಾನೆ? ಮುಂದಿನ ಸಲ ಗಮನಿಸಿದೆ: ಆಕೆ ಬಾಯಿ ತೆರೆಯುವ ಮೊದಲಿನ ಕರಕರ ಸದ್ದಿಗೇ ಅವರ ಕೈ ಸ್ಟಿಯರಿಂಗ್ ಬಿಟ್ಟಿತ್ತು. ಗುರುತಿಲ್ಲದವರಾದರೆ ಅಷ್ಟು ಬೇಗ ತಿಳಿಯುತ್ತದೆಯೇ? ಆಮೇಲೆ ಅವರ ಹೊಸ ಅಂಗಿ, ಫೋನನ್ನು ಬೋರಲು ಇಡುವ ರೀತಿ, ಎಲ್ಲವೂ ನನ್ನ ಕಣ್ಣಿಗೆ ಬೀಳತೊಡಗಿದವು. ಜಗಳವಾಡುವುದು ನನಗೆ ಬಾರದು. ಕೊನೆಯಲ್ಲಿ ಯಾರ ಹೆಸರಿದೆ, ಅಷ್ಟು ತಿಳಿದರೆ ಸಾಕಿತ್ತು.

ಕಮಲಾಪುರದಲ್ಲಿರುವ ಅವರ ಸೋದರತ್ತೆಯ ಮನೆಗೆ ಹೋದ ದಿನ, ಅವರು ಚೀಲ ಹಿಡಿದು ಒಳಗೆ ನಡೆದರು. ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ನಾನು ಕಾರಿನಲ್ಲೇ ಉಳಿದು ಗುಂಡಿ ಒತ್ತುತ್ತ ಹೋದೆ. ಸಿಕ್ಕಿತು. ಬಾಳೆಹಣ್ಣು, ನಗು, ಆಮೇಲೆ ಹೆಸರು. ನನ್ನ ಗಂಡನದೇ! ಹಿಂದೆ ಹೆಂಗಸರ ಗುಂಪು 'ಓಹೋ' ಎಂದಿತು.

ಅಷ್ಟು ಜನರ ಮುಂದೆ ಹೇಳಿದ್ದಾಳೆ.

ಕಿಟಕಿಯಲ್ಲಿ ಸೋದರತ್ತೆಯ ಮುಖ. "ಅಯ್ಯ, ನಮ್ಮವ್ವ! ಇನ್ನೊಮ್ಮೆ ಹಚ್ಚವಾ."

"ನಿಮ್ಮವ್ವಾರಾ?"

"ಹೂಂ, ನನ್ನ ಕುಬಸದಾಗ ಹೇಳಿದ್ದು. ಹಳೇ ಕ್ಯಾಸೆಟ್ ಸಿಕ್ತು, ಪೆನ್‌ಡ್ರೈವಿಗೆ ಹಾಕಸ್ತೀನಂತ ನಿನ್ನ ಗಂಡನೇ ಒಯ್ದಾನ. ನೀ ಯಾಕ ಹಿಂಗ ಕುಂತಿ?"

"ಹೆಸರು ಇವರದು ಬಂತಲ್ರೀ..."

"ಇವನದೆಲ್ಲಿದು? ನಮ್ಮಪ್ಪಂದು! ಅಜ್ಜನ ಹೆಸರ ಮೊಮ್ಮಗಗ ಇಟ್ಟೀವಿ. ಇಂಗ್ಲೀಷ್ ಸಾಲಿ ಕಲ್ತಾಕಿ, ಇಷ್ಟೂ ಹೊಳೀಲಿಲ್ಲೇನ?" ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ಗಂಡನ ಹೆಸರಂತ ಅವ್ವ ಈ ಮೊಮ್ಮಗಗ ಎಂದೂ ಹೆಸರ್ಹಿಡಿದು ಕರೀಲಿಲ್ಲ. ಸಾಯೂತನಕ 'ತಮ್ಮಾ' ಅಂತಿದ್ಲು."

ಅಜ್ಜನ ಹೆಸರು ನನಗೆ ಗೊತ್ತಿತ್ತು. ಸಂಶಯದಲ್ಲಿ ನೆನಪಾಗಿರಲಿಲ್ಲ, ಅಷ್ಟೆ.

ಕಲಬುರಗಿಗೆ ಮರಳುವಾಗ ಮತ್ತೆ ಆ ಕರಕರ. ಗುಂಡಿಯತ್ತ ಎದ್ದ ಅವರ ಕೈಯನ್ನು ನಾನು ಹಿಡಿದುಕೊಂಡೆ.

"ಗಾಡಿ ಹೊಡ್ಯೂಮುಂದ ಬ್ಯಾಡ. ಕಣ್ಣ ಮಂಜಾಗ್ತಾವ."

"ನನಗ ಯಾಕ ಹೇಳ್ಲಿಲ್ರೀ?"

"ನೀ ನಗ್ತಿ ಅಂತ."

ಕಾರನ್ನು ರಸ್ತೆಯಂಚಿಗೆ ನಿಲ್ಲಿಸಿ, ಒಡಪನ್ನು ಮೊದಲಿನಿಂದ ಹಾಕಿದರು. ಅಜ್ಜಿ ಅರ್ಧ ಹಣ್ಣು ಪಡೆದು ನಕ್ಕರು, ಹೆಸರು ಹೇಳಿದರು. ಪಕ್ಕದಲ್ಲಿ ನನ್ನ ಗಂಡ, ಕರೆದವರಿಗೆ ಓಗೊಡುವಂತೆ, ಮೆಲ್ಲಗೆ "ಹೂಂ" ಎಂದರು.