ಬಸ್ಸಿನ ಸರಳಿಗೆ ಹಾಕಿದ ಬೇಡಿ

ಎಸ್ಕಾರ್ಟ್ ಡ್ಯೂಟಿ ಇದ್ದ ದಿನ ಆಕೆ ಮನೆಯಲ್ಲಿ ಒಂದು ಕಡೆ ಕೂತವಳಲ್ಲ. ಕೈದಿಗಳನ್ನು ಜೈಲಿನಿಂದ ಕೋರ್ಟಿಗೆ ಕರೆದೊಯ್ದು ವಾಪಸ್ಸು ತಂದು ಒಪ್ಪಿಸುವ ಕಾನ್‌ಸ್ಟೇಬಲ್ ಆಕೆ. ಬೆಲ್ಟು ಬಿಗಿದು ಬಾಗಿಲವರೆಗೆ ಹೋಗುವಳು, ವಾಕಿಟಾಕಿಯ ಬ್ಯಾಟರಿ ನೋಡಲು ತಿರುಗಿ ಬರುವಳು. ಲಾಠಿ, ಸೀಟಿ, ಬೇಡಿ ಎಲ್ಲವನ್ನೂ ಮತ್ತೆ ಮತ್ತೆ ಮುಟ್ಟಿ ನೋಡುವಳು.

"ಸೊಂಟದಲ್ಲಿ ಒಂದು ಅಂಗಡಿನೇ ಇಟ್ಕೊಂಡಿದ್ದೀಯಲ್ಲೇ" ಎಂದು ಅತ್ತೆ ನಗುತ್ತಿದ್ದರು.

ಗಂಡ ದರ್ಜಿ. ಊರಿಗೆಲ್ಲ ಬಟ್ಟೆ ಹೊಲಿಯುವವನಿಗೆ ಹೆಂಡತಿಯ ಪ್ಯಾಂಟಿನ ತೂತುಬಿದ್ದ ಜೇಬು ಮಾತ್ರ ಕಾಣುತ್ತಿರಲಿಲ್ಲ. ದೀಪದ ಬುಡ ಕತ್ತಲೆ.

"ನಾಳೆ ಹೊಲ್ದು ಕೊಡ್ತೀನಿ ಬಿಡೆ."

"ನಿಮ್ಮ ನಾಳೆ ಬರೋಷ್ಟರಲ್ಲಿ ನಾನು ರಿಟೈರ್ ಆಗಿರ್ತೀನಿ."

ಆ ದಿನ ಇಲಾಖೆಯ ವ್ಯಾನು ಕೆಟ್ಟಿತ್ತು. ಕೋರ್ಟಿನಿಂದ ಜೈಲಿಗೆ ಬಸ್ಸಿನಲ್ಲೇ ಹೊರಟರು. ಜೊತೆಗಿದ್ದ ಕೈದಿ ಒಂದು ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಹೆಂಗಸು. ಯಜಮಾನಿಯ ಸರ ಕದ್ದಳೆಂದು ಕೇಸು. ಬೇಡಿಯ ಒಂದು ಬಳೆ ಕೈದಿಯ ಕೈಗೆ, ಇನ್ನೊಂದು ಕಾನ್‌ಸ್ಟೇಬಲ್ ಕೈಗೆ. ಬೆಳಗಿನಿಂದ ಉಜ್ಜಿ ಉಜ್ಜಿ ಮಣಿಕಟ್ಟು ಕೆಂಪಾಗಿತ್ತು. ಸೀಟಿನಲ್ಲಿ ಕೂತ ಮೇಲೆ ಆಕೆ ತನ್ನ ಕೈಯ ಬಳೆ ಬಿಚ್ಚಿ, ಮುಂದಿನ ಸೀಟಿನ ಸರಳಿಗೆ ಹಾಕಿ, ಕೀಲಿಯನ್ನು ಜೇಬಿಗೆ ಇಳಿಬಿಟ್ಟಳು. ಸಂಗಡ ಬಂದ ಇನ್ನೊಬ್ಬ ಪೇದೆ, ಎಲ್ಲರೂ ದಪ್ಪಣ್ಣ ಎನ್ನುತ್ತಿದ್ದವನು, ಡ್ರೈವರನ ಪಕ್ಕ ಕೂತು ತೂಕಡಿಸುತ್ತಿದ್ದ.

ಸೇತುವೆ ದಾಟಿದ್ದೇ ತಡ, ಎಂಜಿನ್ನಿನಿಂದ ಹೊಗೆ ಎದ್ದಿತು. "ಬೆಂಕಿ, ಬೆಂಕಿ!" ಎಂದು ಯಾರೋ ಕೂಗಿದರು. ಜನ ಒಬ್ಬರ ಮೇಲೊಬ್ಬರು ಬಿದ್ದು ಇಳಿದರು. ಆ ನೂಕುನುಗ್ಗಲಿನಲ್ಲಿ ದಪ್ಪಣ್ಣನೂ ರಸ್ತೆಗೆ ಬಂದುಬಿಟ್ಟ.

"ಅಕ್ಕಾ, ಬಿಚ್ಚಿ ಬೇಗ!" ಕೈದಿ ಚೀರಿದಳು.

ಆಕೆ ಜೇಬಿಗೆ ಕೈ ಹಾಕಿದಳು. ತೂತಿನಿಂದ ಬೆರಳು ತೊಡೆಗೆ ತಾಗಿತು, ಕೀಲಿ ಇಲ್ಲ. ಇನ್ನೊಂದು ಜೇಬು, ಬೆಲ್ಟು, ಸೀಟಿನ ಅಡಿ, ಎಲ್ಲೂ ಇಲ್ಲ.

"ಇಲ್ಲೇ ಇದೆ... ಇರು, ಇಲ್ಲೇ ಇದೆ."

ಹೊಗೆ ದಟ್ಟವಾಯಿತು. ಕೈದಿ ಕೆಮ್ಮುತ್ತ ಹೇಳಿದಳು: "ನೀವು ಇಳೀರಿ ಅಕ್ಕ. ಮನೇಲಿ ಕಾಯ್ತಿರ್ತಾರೆ."

"ಬಾಯಿ ಮುಚ್ಚು! ನಿನ್ನನ್ನ ಇಲ್ಲಿ ಕಟ್ಟಿಹಾಕಿದೋಳು ನಾನು. ಬಿಟ್ಟು ಹೋಗಿ ಯಾರಿಗೆ ಮುಖ ತೋರಿಸ್ಲಿ?"

ಬಾಟಲಿಯ ನೀರಿನಲ್ಲಿ ಕರವಸ್ತ್ರ ನೆನೆಸಿ ಅವಳ ಮೂಗಿಗೆ ಒತ್ತಿದಳು. ಲಾಠಿಯಿಂದ ಸರಳನ್ನು ಬಡಿದಳು; ಲಾಠಿಯೇ ಸೀಳಿಹೋಯಿತು. ಬಾಯಿಗೆ ಸೀಟಿ ಇಟ್ಟು ಉಸಿರಿದ್ದಷ್ಟೂ ಊದಿದಳು. ಆ ಸದ್ದು ಹಿಡಿದು ದಪ್ಪಣ್ಣ ಜಾಕಿಯ ರಾಡು ಹೊತ್ತು ಹಿಂಬಾಗಿಲಿನಿಂದ ನುಗ್ಗಿದ. ಇಬ್ಬರೂ ಸೇರಿ ಮೀಟಿದಾಗ ತುಕ್ಕು ಹಿಡಿದ ಸರಳು ಕಿತ್ತು ಬಂತು. ಮೂವರೂ ಹೊರಗೆ ಬಿದ್ದ ಸ್ವಲ್ಪ ಹೊತ್ತಿಗೆ ಬಸ್ಸು ಹೊತ್ತಿ ಉರಿಯಿತು.

ರಸ್ತೆಬದಿ ಕುಸಿದು ಕೂತವಳಿಗೆ ಬೂಟಿನೊಳಗೆ ಏನೋ ಚುಚ್ಚುತ್ತಿದೆ ಎನ್ನಿಸಿತು. ಕಳಚಿ ಕೊಡವಿದಳು. ಕೀಲಿ! ಮೊದಲು ನಗು ಬಂತು, ಆಮೇಲೆ ತಡೆಯಲಾರದ ಅಳು. ಬೇಡಿ ಬಿಚ್ಚೋಣವೆಂದರೆ ಕಣ್ಣೀರಿನಲ್ಲಿ ಕೀಲಿಯ ಕಿಂಡಿ ಕಾಣದು. ಕೈದಿಯೇ ಕೀಲಿ ಇಸಿದುಕೊಂಡು ಬಿಚ್ಚಿಕೊಂಡಳು. ಬೇಡಿ, ಕೀಲಿ ಎರಡನ್ನೂ ಆಕೆಯ ಮಡಿಲಿಗೆ ಹಾಕಿ ಪಕ್ಕದಲ್ಲೇ ಕೂತಳು.

"ಓಡಿಹೋದ್ರೆ ಕದ್ದೋಳು ನಾನೇ ಅಂತ ಆಗುತ್ತೆ. ಹಾಕಿ ಅಕ್ಕ."

ಆಕೆ ಹಾಕಲಿಲ್ಲ. ಕೈ ಹಿಡಿದುಕೊಂಡೇ ಜೈಲಿನ ಬಾಗಿಲವರೆಗೆ ಕರೆದೊಯ್ದಳು.

ಮೇಲಧಿಕಾರಿಯಿಂದ ಬೈಗುಳ ತಿಂದದ್ದಾಯಿತು. ಅಂದು ಸಂಜೆಯೇ ಗಂಡ ಕೂತು ಎಲ್ಲ ಯೂನಿಫಾರ್ಮಿನ ಜೇಬುಗಳನ್ನೂ ಎರಡೆರಡು ಹೊಲಿಗೆ ಹಾಕಿ ಭದ್ರಪಡಿಸಿದ. ಆಕೆ ಅವನನ್ನು ಬೈಯಲಿಲ್ಲ. ಅವನಿಗೆ ಅದೇ ಹೆಚ್ಚು ಚುಚ್ಚಿತು. ಅಂದಿನಿಂದ ಆಕೆ ಊಟದ ನಡುವೆ ಎದ್ದು ಬಾಗಿಲ ಚಿಲಕ ಸಲೀಸಾಗಿ ತೆರೆಯುತ್ತದೆಯೇ ಎಂದು ನೋಡುವಳು. ಬಸ್ಸಿನಲ್ಲಿ ಖಾಲಿ ಸೀಟಿದ್ದರೂ ಬಾಗಿಲ ಬಳಿಯೇ ನಿಲ್ಲುವಳು. ಆಮೇಲೆ ಯಾವ ಕೈದಿಯನ್ನೂ ಆಕೆ ಸರಳಿಗೆ, ಕಿಟಕಿಗೆ ಬಿಗಿಯಲಿಲ್ಲ. ಬೇಡಿಯ ಇನ್ನೊಂದು ಬಳೆ ತನ್ನ ಕೈಗೇ.

"ಓಡಿದ್ರೆ ನಿನ್ನನ್ನೂ ಎಳ್ಕೊಂಡು ಹೋಗ್ತಾರಮ್ಮ" ಎಂದ ದಪ್ಪಣ್ಣ.

"ಎಳ್ಕೊಂಡು ಹೋಗ್ಲಿ ಬಿಡಣ್ಣ."

ಸರದ ಕೇಸು ಸಾಬೀತಾಗಲಿಲ್ಲ. ತೀರ್ಪಿನ ದಿನ ಆಕೆ ರಜೆ ಹಾಕಿ, ಸೀರೆ ಉಟ್ಟು, ಕೋರ್ಟಿನ ಹೊರಗೆ ನಿಂತಿದ್ದಳು. ಬಿಡುಗಡೆಯಾದ ಹೆಂಗಸು ಮೊದಲು ಗುರುತೇ ಹಿಡಿಯಲಿಲ್ಲ.

"ಅಯ್ಯೋ, ನೀವಾ ಅಕ್ಕ! ಬನ್ನಿ, ಬಸ್ಸಿಗೆ ಹೋಗೋಣ."

"ಬೇಡ, ನಡ್ಕೊಂಡೇ ಹೋಗೋಣ."

ಹೊರಟರು. ಆಕೆಯ ಕಾಲು ಎಲ್ಲೂ ನಿಲ್ಲದೆ ಓಡುತ್ತಿತ್ತು. ಹಿಂದಿನಿಂದ ಆ ಹೆಂಗಸು ಏದುಸಿರು ಬಿಡುತ್ತ ಕೂಗಿದಳು: "ನಿಧಾನ ಅಕ್ಕ, ಇವತ್ತು ನನ್ನನ್ನ ಎಲ್ಲೂ ಒಪ್ಪಿಸ್ಬೇಕಾಗಿಲ್ಲ!"