ಪೆನ್ಸಿಲ್ಲಿನಲ್ಲಿ ಬರೆದ ದೂರು

ಗಂಗರತ್ನ, ನೀನು ದೂರು ಕೊಟ್ಟಿದ್ದೆ. ಅದನ್ನು ಬರೆದುಕೊಂಡವಳು ನಾನು, ಅಳಿಸಿದವಳೂ ನಾನು. ಮೂರು ವರ್ಷದ ಮೇಲೆ, ಅಂತಹ ದೂರು ಬಂದೇ ಇಲ್ಲವೆಂದು ಸರ್ಕಾರಿ ಕಾಗದದಲ್ಲಿ ಉತ್ತರ ಬರೆದವಳೂ ನಾನೇ. ನಿನ್ನೆ ತೂಬಗೆರೆಯಲ್ಲಿ ನಿನ್ನ ತವರಿನ ಬಾಗಿಲಲ್ಲಿ ನಿಂತು, ದೂರು ಬಂದದ್ದು ನಿಜ, ಕೋರ್ಟಿನಲ್ಲಿ ಹೇಳುತ್ತೇನೆ ಎಂದೆನಷ್ಟೆ. ಮಿಕ್ಕದ್ದು ಬಾಯಿಗೆ ಬರಲಿಲ್ಲ. ಅದಕ್ಕೇ ಈ ಕಾಗದ. ಜೀವಮಾನವೆಲ್ಲ ಬರೆಯುವುದೊಂದೇ ನನ್ನ ಕೆಲಸವಾಗಿತ್ತು — ಅದನ್ನೂ ನೆಟ್ಟಗೆ ಮಾಡಲಿಲ್ಲ.

ನಾನು ಗುಮಾಸ್ತೆಯಾಗಿದ್ದ ತಾಲ್ಲೂಕಿನ ಮಹಿಳಾ ಮತ್ತು ಮಕ್ಕಳ ಇಲಾಖೆಯ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಗಂಡ ಹೊಡೆದನೆಂದು ಹೆಣ್ಣುಮಕ್ಕಳು ಕೊಡುವ ಅರ್ಜಿಯನ್ನು ರಿಜಿಸ್ಟರಿನಲ್ಲಿ ಮೊದಲು ಪೆನ್ಸಿಲ್ಲಿನಲ್ಲಿ ಬರೆಯುವುದು. ಗಂಡನನ್ನೂ ಮನೆಯ ಹಿರಿಯರನ್ನೂ ಕರೆಸುವುದು. ರಾಜಿಯಾಗದಿದ್ದರೆ ಅದರ ಮೇಲೆ ಪೆನ್ನು ಓಡಿಸುವುದು. ರಾಜಿಯಾದರೆ ರಬ್ಬರು; ಅರ್ಜಿಯ ಹಾಳೆ ಹರಿದು ಬುಟ್ಟಿಗೆ. ಯಾವ ಸುತ್ತೋಲೆಯಲ್ಲೂ ಇದು ಇರಲಿಲ್ಲ. ನನ್ನ ಕುರ್ಚಿಯಲ್ಲಿ ಮೊದಲು ಕೂತಿದ್ದ ಹಿರಿಯರು ಕೆಲಸ ವಹಿಸಿಕೊಡುವಾಗ ಹೇಳಿಕೊಟ್ಟಿದ್ದರು: "ಸಂಸಾರ ಸರಿಹೋದ್ಮೇಲೆ ಹೆಣ್ಮಗಳ ಹೆಸ್ರು ಯಾಕಮ್ಮ ಪುಸ್ತಕದಲ್ಲಿರ್ಬೇಕು?" ನನಗೂ ಅದು ದೊಡ್ಡ ಉಪಕಾರವೆಂದೇ ಅನ್ನಿಸಿತ್ತು. ತಿಂಗಳ ಕೊನೆಗೆ ಜಿಲ್ಲೆಗೆ ಶೂನ್ಯ ವರದಿ ಹೋಗುತ್ತಿತ್ತು, ಮೇಲಿನವರಿಗೂ ಸಂತೋಷ. ಅಷ್ಟು ಹೊಡೆತ ತಿಂದ ಹೆಂಗಸರು ಬಂದು ಹೋದ ಬೆಂಚು ಎದುರಿಗೇ ಇದ್ದರೂ ಸೊನ್ನೆ ಬರೆಯುತ್ತಿದ್ದೆನಲ್ಲ — ಈಗ ನೆನೆದರೆ ಮೈ ಉರಿಯುತ್ತದೆ.

ನೀನು ದೊಡ್ಡಬಳ್ಳಾಪುರದ ಗಂಡನ ಮನೆಯಿಂದ ನೇರವಾಗಿ ಬಂದಿದ್ದೆ. ಮೂರು ವರ್ಷದ ಮಗಳು ಸೊಂಟದ ಮೇಲಿದ್ದಳು. ಮಗ್ಗದ ಲಾಳಿಯಲ್ಲಿ ಹೊಡೆದಿದ್ದಾನೆಂದು ಕೂದಲು ಸರಿಸಿ ಕಿವಿಯ ಹಿಂದಿನ ಗಾಯ ತೋರಿಸಿದೆ. ರಕ್ತ ಹೆಪ್ಪುಗಟ್ಟಿ ಕೂದಲು ಅಂಟಿಕೊಂಡಿತ್ತು. ಮಾರನೆಯ ದಿನ ಅವನು ಸೋದರಮಾವನ ಜೊತೆ ಬಂದು ಕೈಮುಗಿದ, ಇನ್ನು ಕೈ ಎತ್ತುವುದಿಲ್ಲ ಎಂದು ಮಗುವಿನ ತಲೆ ಮುಟ್ಟಿ ಆಣೆ ಮಾಡಿದ. ನೀನು ಒಪ್ಪಿರಲಿಲ್ಲ. ಒಪ್ಪಿಸಿದವಳು ನಾನು — ಒಂದು ಸಲ ನೋಡಮ್ಮ ಎಂದು. ಹೊರಡುವ ಮುಂಚೆ ನೀನು ಮೇಜಿನ ಹತ್ತಿರ ಬಂದು ಕೇಳಿದೆ:

"ಅಕ್ಕ, ನಾನ್ ಹೇಳಿದ್ದು ಬರ್ದಿರುತ್ತೆ ತಾನೇ? ನಾಳೆ ಮತ್ತೆ ಹೊಡುದ್ರೆ ಬೇಕಾಗುತ್ತೆ."

"ಬರ್ದಿರುತ್ತೆ ಕಣಮ್ಮ. ಅದೆಲ್ಲಿಗ್ ಹೋಗುತ್ತೆ?"

ನೀನು ಮೆಟ್ಟಿಲು ಇಳಿಯುವಷ್ಟರಲ್ಲಿ ರಬ್ಬರು ನನ್ನ ಕೈಯಲ್ಲಿತ್ತು.

ಅವನು ಮತ್ತೆ ಹೊಡೆದ. ಮೂರು ವರ್ಷ ತಡೆದುಕೊಂಡು ನೀನು ಮನೆ ಬಿಟ್ಟೆ. ಅವನು ಮಗುವನ್ನು ಬಿಡಲಿಲ್ಲ. ಮಗಳಿಗಾಗಿ ನೀನು ಕೋರ್ಟಿಗೆ ಹೋದಾಗ, ಹೊಡೆದದ್ದೆಲ್ಲ ಕಟ್ಟುಕಥೆ, ಮೊದಲೇ ಹೊಡೆದಿದ್ದರೆ ಆಗಲೇ ದೂರು ಕೊಡಬೇಕಿತ್ತಲ್ಲ ಎಂದು ಅವನ ಲಾಯರು ವಾದಿಸಿದರು. ಕೊಟ್ಟಿದ್ದೆ ಎಂದು ನೀನು ಹೇಳಿದೆ. ಅದರ ಪ್ರತಿ ಬೇಕೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಆ ಅರ್ಜಿ ಬಂದದ್ದು ನನ್ನ ಮೇಜಿಗೇ.

ಅದೇ ವಾರ ಬೆಂಗಳೂರಿನಿಂದ ಇನ್ನೊಂದು ಪತ್ರ ಬಂದಿತ್ತು. ಮನೆಯೊಳಗಿನ ಹಿಂಸೆಯ ಕಾಯ್ದೆ ತಿದ್ದಲು ಒಂದು ಸಮಿತಿ ಕೂತಿತ್ತು. ರಾಜಿಯಾದರೂ ಮೊದಲ ದೂರನ್ನು ದಾಖಲೆಯಲ್ಲಿ ಇಡಲೇಬೇಕೆಂದು ಕಾನೂನು ಮಾಡುವ ಯೋಚನೆ ಅವರದು. ಹಾಗೆ ರಾಜಿಯಾದ ದೂರುಗಳು ನಿಮ್ಮಲ್ಲಿ ಎಷ್ಟು ಎಂದು ಕೇಳಿದ್ದರು. ಎರಡೂ ಕಾಗದ ಹಿಡಿದು ನಮ್ಮ ಕಚೇರಿಯ ಸಾಹೇಬರ ಕೋಣೆಗೆ ಹೋದೆ.

"ಒಂದು ಇತ್ತು ಅಂತ ಒಪ್ಕೊಂಡ್ರೆ ಮಿಕ್ಕಿದ್ದೆಲ್ಲಾ ಎಲ್ಲಿ ಅಂತಾರೆ ಕಣ್ರೀ. ಹೆಂಗೂ ರಿಜಿಸ್ಟ್ರಲ್ಲಿ ಇಲ್ವಲ್ಲ, ಇಲ್ಲ ಅಂತ ಹಾಕಿ," ಎಂದರು.

ಹಾಕಿದೆ. ನಿನಗೆ 'ಅಂತಹ ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ'. ಸಮಿತಿಗೆ 'ಶೂನ್ಯ'. ಸಾಹೇಬರನ್ನು ಮುಂದೆ ಮಾಡಿ ನಾನು ಹಿಂದೆ ಸರಿಯುವುದಿಲ್ಲ. ಆಗುವುದಿಲ್ಲ ಎಂದಿದ್ದರೆ ಹೆಚ್ಚೆಂದರೆ ನಂದಗುಡಿಯ ಕಡೆಗೆ ವರ್ಗ ಮಾಡುತ್ತಿದ್ದರು, ದಿನಾ ಎರಡು ಬಸ್ಸು ಹತ್ತಬೇಕಾಗುತ್ತಿತ್ತು. ಅಷ್ಟೇ. ಎರಡು ಬಸ್ಸು!

ಕೋರ್ಟು ನನ್ನ ಕಾಗದವನ್ನು ನಂಬಿತು. ಮಗು ತಂದೆಯ ಹತ್ತಿರವೇ ಇರಲಿ, ತಾಯಿ ತಿಂಗಳಿಗೊಮ್ಮೆ ನೋಡಲಿ ಎಂದಿತು. ಆ ತೀರ್ಪು ಹಿಡಿದುಕೊಂಡು ನೀನು ಕಚೇರಿಗೆ ಬಂದೆ. ಕೂಗಾಡುತ್ತೀಯೆಂದು ಹೆದರಿದ್ದೆ, ಕೂಗಿದ್ದರೆ ಚೆನ್ನಾಗಿತ್ತು.

"ನನ್ನೇ ಸುಳ್ಳಿ ಅಂತ ಬರ್ದವ್ರೆ ಅಕ್ಕ. ನೀವ್ ನನ್ ಗಾಯ ನೋಡಿದ್ರಲ್ವಾ?"

ಪಕ್ಕದ ಮೇಜಿನವರು ತಲೆ ಎತ್ತಿ ನೋಡುತ್ತಿದ್ದರು. "ನೆನಪಿಲ್ಲಮ್ಮ," ಎಂದೆ. ಅಳಿಸಿದ್ದು ಪದ್ಧತಿ, ಉತ್ತರ ಬರೆದದ್ದು ಅಪ್ಪಣೆ ಎಂದಾದರೂ ಅನ್ನಬಹುದೇನೋ — ಈ ಮಾತನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾಯ್ದೆಗೆ ತಿದ್ದುಪಡಿ ಬಂತು, ಮೊದಲ ದೂರನ್ನು ಇಡಲೇಬೇಕೆನ್ನುವ ಆ ಒಂದು ಕಲಮು ಮಾತ್ರ ಬರಲಿಲ್ಲ. ಯಾಕೆ ಬಿಟ್ಟರೆಂದು ತಿಳಿಯಲು, ನಿವೃತ್ತಳಾದ ಮೇಲೆ ನಾನೇ ಮಾಹಿತಿ ಹಕ್ಕಿನಲ್ಲಿ ಸಮಿತಿಯ ವರದಿ ಕೇಳಿದೆ. 'ಕಡತವು ಗೋಪ್ಯ ಸ್ವರೂಪದ್ದಾಗಿರುವುದರಿಂದ ಒದಗಿಸಲು ಬರುವುದಿಲ್ಲ' ಎಂದು ಒಂದು ಸಾಲಿನ ಉತ್ತರ ಬಂತು. ಮೇಲ್ಮನವಿ ಹಾಕಿದೆ, ಅದೇ ಸಾಲು ಮತ್ತೆ ಬಂತು. ಸಿಟ್ಟಿಗೆ ಆ ಕಾಗದವನ್ನು ಮುದುರಿ ಎಸೆದು, ಮತ್ತೆ ನಾನೇ ಎತ್ತಿಕೊಂಡು ಬಿಡಿಸಿದೆ. ಯಾರ ಮೇಲೆ ಸಿಟ್ಟು? ನನ್ನಂಥವಳೇ ಒಬ್ಬಳು ಅದನ್ನು ಬರೆದಿರುತ್ತಾಳೆ, ಬರೆದು ಸಂಜೆಯ ಬಸ್ಸು ಹತ್ತಿರುತ್ತಾಳೆ. ಎಲ್ಲ ತಾಲ್ಲೂಕುಗಳಿಂದಲೂ ಸೊನ್ನೆಯೇ ಹೋಗಿತ್ತೋ, ನಮ್ಮಿಂದ ಮಾತ್ರವೋ — ಗೊತ್ತಾಗುವ ದಾರಿಯೇ ಇಲ್ಲ.

ನಿನ್ನ ಮೇಲ್ಮನವಿ ಸೋಮವಾರ ವಿಚಾರಣೆಗಿದೆ. ಅಳಿಸಿದ್ದು, ಬರೆದದ್ದು, ನಿನ್ನ ಮುಖ ನೋಡಿ ಹೇಳಿದ್ದು — ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ನಿನ್ನ ಲಾಯರಿಗೆ ಕೊಟ್ಟಿದ್ದೇನೆ. ಪಿಂಚಣಿಗೆ ಕುತ್ತು ಬರುತ್ತದೆಂದು ಅವರೇ ಎಚ್ಚರಿಸಿದರು. ಬರಲಿ. ಆದರೆ ನಿನ್ನ ಮಗಳಿಗೆ ಈಗ ಎಂಟು ವರ್ಷ. ತಿಂಗಳಿಗೊಮ್ಮೆ ಭೇಟಿಗೆಂದು ಕರೆತಂದರೆ ಅಪ್ಪನ ಮನೆಯ ಅಜ್ಜಿಯ ಸೆರಗು ಬಿಡುವುದಿಲ್ಲವೆಂದು ನೀನೇ ಹೇಳಿದೆ. ಅದಕ್ಕೆ ನಿನ್ನೆ ನಿನ್ನ ಬಾಗಿಲಲ್ಲಿ ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ನೀನು ಕೈ ಅಡ್ಡ ಹಿಡಿದೆ.

"ಸಾಕ್ಷಿ ಹೇಳಿ ಅಕ್ಕ, ಬೇಡ ಅನ್ನಲ್ಲ. ಆದ್ರೆ ಮಗು ನನ್ನ ಹತ್ರ ಬರ್ತಾಳೆ ಅಂತ ಮಾತ್ರ ನೀವ್ ಹೇಳ್ಬೇಡಿ."

ಈ ಕಾಗದದಲ್ಲೂ ಅದನ್ನು ಬರೆದಿಲ್ಲ.